ಸಕ್ಕರೆ ಬಟ್ಟಲು, ಹಾಲಿನ ಗಿಂಡಿ: ‘ಸ್ಟೋನ್‌ವೇರ್’ ಅಂತ ಕೊಟ್ಟಿದ್ದು ನಿಜಕ್ಕೂ ಸ್ಟೋನ್‌ವೇರೇನಾ? ಅಂಗಡಿ ತಕ್ಕಡಿಯಲ್ಲೇ ಇದೆ ಉತ್ತರ

ಕೋಲಾರ: ‘ಶುಗರ್ ಇದೆ, ಅದಕ್ಕೇ ಶುಗರ್ ಬೇಡ.’ ಬೆಳಗ್ಗೆ ಯಾವುದಾದರೂ ಹೋಟೆಲ್‌ನ ಕಾಫಿ ಕೌಂಟರ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಒಬ್ಬರಿಗೆ ಸಕ್ಕರೆ ಕಮ್ಮಿ, ಇನ್ನೊಬ್ಬರಿಗೆ ಬೇಡವೇ ಬೇಡ, ಮತ್ತೊಬ್ಬರಿಗೆ ಬೆಲ್ಲ. ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಬರುವ ಕೆಲವರು ಬ್ಲ್ಯಾಕ್ ಟೀ ಕೊಡಿ, ಹಾಲು ಪಕ್ಕಕ್ಕಿಡಿ ಅನ್ನುತ್ತಾರೆ. ಸಕ್ಕರೆ ಹಾಕಿಯೇ ಕಲಸಿಡುವ ನಮ್ಮ ಹಳೇ ಪದ್ಧತಿಗೆ ಇದು ಹೊಂದುವುದಿಲ್ಲ. ಹಾಗಾಗಿ ಟೇಬಲ್ ಮೇಲೆ ಮುಚ್ಚಳದ ಸಕ್ಕರೆ ಬಟ್ಟಲು, ಪಕ್ಕದಲ್ಲಿ ಮೂತಿ ಇರುವ ಚಿಕ್ಕ ಹಾಲಿನ ಗಿಂಡಿ ಇಡುವ ಅಭ್ಯಾಸ ಕೆಫೆಗಳಿಂದ ಹೋಟೆಲ್‌ಗೆ, ಹೋಟೆಲ್‌ನಿಂದ ಮನೆಗೆ ಬರುತ್ತಿದೆ. ಗೃಹಪ್ರವೇಶಕ್ಕೆ ಉಡುಗೊರೆ ಕೊಡುವವರ ಕಣ್ಣೂ ಈ ಜೋಡಿಯ ಮೇಲೆ ಬಿದ್ದಿದೆ.

ಡಬ್ಬದ ಮೇಲೆ ‘ಸ್ಟೋನ್‌ವೇರ್’ ಎಂಬ ಸ್ಟಿಕರ್ ಇದ್ದರೆ ರೇಟು ಸ್ವಲ್ಪ ಜಾಸ್ತಿ. ತೊಂದರೆ ಶುರುವಾಗುವುದೇ ಇಲ್ಲಿ. ಕಂದು ಬಣ್ಣ, ಮೇಲೆ ಚುಕ್ಕೆ ಚುಕ್ಕೆ, ಕೈಗೆ ತುಸು ಒರಟು ಇದ್ದುಬಿಟ್ಟರೆ ಎಲ್ಲವೂ ಸ್ಟೋನ್‌ವೇರ್ ಎಂದೇ ಮಾರಾಟವಾಗುತ್ತದೆ. ಅದರಲ್ಲಿ ಅರೆಬೆಂದ ಮಣ್ಣಿನ ಪಾತ್ರೆಯೂ ಇರಬಹುದು, ಸ್ಟೋನ್‌ವೇರ್ ತರಹ ಕಾಣುವ ಮೆಲಮೈನ್ ಪ್ಲಾಸ್ಟಿಕ್ಕೂ ಇರಬಹುದು. ಹೂಕುಂಡ ಆದರೆ ಹೇಗೋ ನಡೆಯುತ್ತೆ. ಹಾಲು ಹಾಕುವ ಪಾತ್ರೆ ನೀರು ಹೀರುವಂಥದ್ದಾದರೆ ಹಾಲನ್ನೂ ಹೀರುತ್ತದೆ. ಹೀರಿದ ಹಾಲು ಎಷ್ಟು ತೊಳೆದರೂ ಹೊರಗೆ ಬರುವುದಿಲ್ಲ. ನಾಲ್ಕು ದಿನಕ್ಕೆ ವಾಸನೆ, ಗಿರಾಕಿ ಕೈಲಿ ಮಾತು.

ಅಟ್ಟದ ಮೇಲಿರುವ ಜಾಡಿಯೇ ಸ್ಟೋನ್‌ವೇರ್

ಹೆಸರು ಹೊಸದು, ವಸ್ತು ಹೊಸದಲ್ಲ. ಶ್ರೀನಿವಾಸಪುರದ ಕಡೆ ಮಾವಿನ ತೋಟ ಇರುವ ಯಾವುದೇ ಹಳೇ ಮನೆಗೆ ಹೋಗಿ, ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿ ಇದ್ದೇ ಇರುತ್ತದೆ. ಮೇಲರ್ಧ ಕಂದು, ಕೆಳಗರ್ಧ ಮಾಸಲು ಬಿಳಿ, ಎತ್ತಿದರೆ ಕೈ ಸೋಲುವಷ್ಟು ಭಾರ. ಅದನ್ನು ನಾವು ಪಿಂಗಾಣಿ ಜಾಡಿ ಅನ್ನುತ್ತೇವೆ. ಅಸಲಿಗೆ ಅದೇ ಸ್ಟೋನ್‌ವೇರ್. ಉಪ್ಪು, ಹುಳಿ, ಎಣ್ಣೆ, ಖಾರ ಸೇರಿದ ಆವಕಾಯಿಯನ್ನು ವರ್ಷಗಟ್ಟಲೆ ಇಟ್ಟರೂ ಜಾಡಿ ಸವೆಯುವುದಿಲ್ಲ, ಸೋರುವುದಿಲ್ಲ, ರುಚಿ ಕೆಡಿಸುವುದಿಲ್ಲ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆಗಳು ಈ ಪರೀಕ್ಷೆಯಲ್ಲಿ ಒಂದೇ ವಾರಕ್ಕೆ ಫೇಲ್.

ಜಾಡಿಗೆ ಈ ಶಕ್ತಿ ಬರುವುದು ಬೆಂಕಿಯಿಂದ. ಸ್ಟೋನ್‌ವೇರ್ ಬೇಯುವುದು ಸುಮಾರು 1200ರಿಂದ 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಶಾಖಕ್ಕೆ ಮಣ್ಣಿನೊಳಗಿನ ಕೆಲವು ಖನಿಜಗಳು ಕರಗಿ ಗಾಜಿನಂತಾಗಿ, ಕಣಗಳ ನಡುವಿನ ಸಂದುಗಳನ್ನೆಲ್ಲ ತುಂಬಿಬಿಡುತ್ತವೆ. ತಣ್ಣಗಾದ ಮೇಲೆ ಉಳಿಯುವುದು ಮಣ್ಣಲ್ಲ, ಹೆಚ್ಚುಕಮ್ಮಿ ಕಲ್ಲು. ಹೊರಗಿನ ಹೊಳಪಿನ ಪದರ ಒಂದು ಕಡೆ ಕಿತ್ತುಹೋದರೂ ಒಳಗಿನ ಮೈ ನೀರನ್ನು ತಡೆಯುತ್ತದೆ. ಅರೆಬೆಂದ ಮಣ್ಣಿನ ಪಾತ್ರೆಯಲ್ಲಿ ನೀರನ್ನು ತಡೆಯುವುದು ಆ ಹೊಳಪಿನ ಪದರ ಒಂದೇ. ಅದರಲ್ಲಿ ಕೂದಲೆಳೆ ಬಿರುಕು ಬಿಟ್ಟರೆ ಕತೆ ಮುಗಿಯಿತು.

ಆ ಹೊಳಪು ಹಾಕುವ ಬಗೆಯೂ ಸ್ವಾರಸ್ಯವೇ. ಜರ್ಮನಿಯ ರೈನ್ ನದಿ ತೀರದ ಕುಂಬಾರರು ಸುಮಾರು 15ನೇ ಶತಮಾನದಲ್ಲಿ ಉರಿಯುವ ಗೂಡಿಗೆ ಅಡುಗೆ ಉಪ್ಪು ಎಸೆಯುವ ವಿಧಾನ ಕಂಡುಕೊಂಡರು. ಉಪ್ಪು ಆವಿಯಾಗಿ ಪಾತ್ರೆಯ ಮೈಗೆ ತಾಗಿ, ಮಣ್ಣಿನ ಸಿಲಿಕಾ ಜತೆ ಬೆರೆತು ಗಾಜಿನ ಪದರವಾಗುತ್ತದೆ. ಮುಟ್ಟಿದರೆ ಕಿತ್ತಳೆ ಸಿಪ್ಪೆ ಮುಟ್ಟಿದಂತೆ ಸಣ್ಣ ಸಣ್ಣ ಗುಳಿ. ಉಪ್ಪಿನಕಾಯಿಯ ಉಪ್ಪು ತಡೆಯುವ ಪಾತ್ರೆಗೆ ಉಪ್ಪಿನದೇ ಹೊದಿಕೆ! ಚೀನಾದವರು ಇಷ್ಟು ಶಾಖದಲ್ಲಿ ಪಾತ್ರೆ ಸುಡುವುದನ್ನು ಇದಕ್ಕೂ ಸಾವಿರಾರು ವರ್ಷ ಮೊದಲೇ ಕಲಿತಿದ್ದರು.

ಮಾಲೂರು ಮಣ್ಣಲ್ಲಿ ಯಾಕಾಗಲ್ಲ?

ಹೆಂಚಿಗೆ, ಇಟ್ಟಿಗೆಗೆ ಹೆಸರಾದ ಮಾಲೂರು ನಮ್ಮ ಜಿಲ್ಲೆಯಲ್ಲೇ ಇದೆ. ಮಣ್ಣಿದೆ, ಗೂಡಿದೆ, ಕೆಲಸ ಬಲ್ಲವರಿದ್ದಾರೆ. ಹಾಗಿದ್ದ ಮೇಲೆ ಸಕ್ಕರೆ ಬಟ್ಟಲನ್ನು ಉತ್ತರ ಪ್ರದೇಶದಿಂದ ಯಾಕೆ ತರಿಸಬೇಕು ಅನ್ನುವ ಪ್ರಶ್ನೆ ಸಹಜ.

ಉತ್ತರ ಮಣ್ಣಿನ ಬಣ್ಣದಲ್ಲಿದೆ. ಮಾಲೂರಿನ ಹೆಂಚು, ಇಟ್ಟಿಗೆ ಕೆಂಪಾಗಿರುವುದು ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ. ಕೆರೆ ಮಣ್ಣು ನುಣುಪಾಗಿ ಅಚ್ಚಿಗೆ ಕೂರುತ್ತದೆ, 900ರಿಂದ 1000 ಡಿಗ್ರಿ ಆಸುಪಾಸಿನಲ್ಲಿ ಚೆನ್ನಾಗಿ ಬೇಯುತ್ತದೆ. ಅದಕ್ಕಿಂತ ತುಂಬ ಮೇಲೆ ಹೋದರೆ ಕಬ್ಬಿಣವೇ ಮಣ್ಣನ್ನು ಬೇಗ ಕರಗಿಸಲು ಶುರು ಮಾಡುತ್ತದೆ. ಪಾತ್ರೆ ಸೊಟ್ಟಗಾಗುತ್ತದೆ, ಉಬ್ಬುತ್ತದೆ, ಕೊನೆಗೆ ಕುಸಿಯುತ್ತದೆ. ಇಟ್ಟಿಗೆ ಗೂಡಿನಲ್ಲಿ ಬೆಂಕಿ ಜಾಸ್ತಿ ತಾಗಿದ ಕಡೆ ಕಪ್ಪಾಗಿ, ಮಿರಿಮಿರಿ ಮಿಂಚುತ್ತಾ, ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಗಳನ್ನು ನೋಡಿರುತ್ತೀರಿ. ತಳಪಾಯಕ್ಕೆ ಜಲ್ಲಿಯಾಗಿ ಬಳಸುವುದು ಬಿಟ್ಟರೆ ಅವನ್ನು ಯಾರೂ ಕೇಳುವುದಿಲ್ಲ. ಅದು ಸ್ಟೋನ್‌ವೇರ್ ಆಗಲು ಹೊರಟು ದಾರಿ ತಪ್ಪಿದ ಇಟ್ಟಿಗೆ ಅನ್ನಬಹುದು.

ಸ್ಟೋನ್‌ವೇರ್‌ಗೆ ಬೇಕಾದದ್ದು ಕಬ್ಬಿಣ ಕಡಿಮೆ ಇರುವ, ಶಾಖ ತಡೆಯುವ ಜೇಡಿ. ಅದಕ್ಕೆ ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿ ಸೇರಿಸುತ್ತಾರೆ. ಬೆಣಚುಕಲ್ಲು ನಮಗೆ ಹೊಸದಲ್ಲ, ಕೆಜಿಎಫ್‌ನಲ್ಲಿ ಚಿನ್ನ ಸಿಕ್ಕಿದ್ದೇ ಬೆಣಚುಕಲ್ಲಿನ ಪದರಗಳಲ್ಲಿ. ಆದರೆ ಒಂದು ಸಾಮಗ್ರಿ ಇದ್ದ ಮಾತ್ರಕ್ಕೆ ಉದ್ಯಮ ನಿಲ್ಲುವುದಿಲ್ಲ. ದೇಶದಲ್ಲಿ ಇಂಥ ಕಪ್ಪು, ಬಟ್ಟಲು, ಗಿಂಡಿಗಳಿಗೆ ದೊಡ್ಡ ಹೆಸರು ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಖುರ್ಜಾ. ಅಲ್ಲಿನ ಕುಂಬಾರಿಕೆಗೆ ಜಿಐ ಮಾನ್ಯತೆಯೂ ಇದೆ. ನಮಗೆ ಹತ್ತಿರದ್ದು ಪುದುಚೇರಿ. ಅಮೆರಿಕದ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಅಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರು ಮಾಡಿದರು. ಅಲ್ಲಿ ಕಲಿತವರು ಎಷ್ಟೋ ಊರುಗಳಲ್ಲಿ ಕೈಯಿಂದಲೇ ತಿರುಗಿಸಿ ಸ್ಟೋನ್‌ವೇರ್ ಮಾಡುತ್ತಿದ್ದಾರೆ. ಕೈಕೆಲಸದ ಗಿಂಡಿಗೂ ಯಂತ್ರದ ಅಚ್ಚಿನ ಗಿಂಡಿಗೂ ರೇಟಿನಲ್ಲಿ ಅಜಗಜಾಂತರ ಇರುತ್ತದೆ, ಗಟ್ಟಿತನದಲ್ಲಿ ಅಷ್ಟೇನೂ ಇರುವುದಿಲ್ಲ.

ಇನ್ನು ನಿಜವಾದ ಪಿಂಗಾಣಿ. ಅದು ಸ್ಟೋನ್‌ವೇರ್‌ಗಿಂತಲೂ ಬಿಳಿ, ಇನ್ನೂ ಬಿಗಿ. ತೆಳುವಾಗಿದ್ದರೆ ಬೆಳಕಿಗೆ ಹಿಡಿದಾಗ ಬೆರಳಿನ ನೆರಳು ಕಾಣುತ್ತದೆ. ಕರೆಂಟು ಕಂಬದ ಮೇಲೆ ತಂತಿ ಹಿಡಿದಿರುವ ಬಿಳಿ, ಕಂದು ಬಟ್ಟಲುಗಳೂ ಪಿಂಗಾಣಿ ಜಾತಿಯವೇ. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಇದಕ್ಕೆಂದೇ ಸರ್ಕಾರಿ ಪಿಂಗಾಣಿ ಕಾರ್ಖಾನೆ ಇತ್ತು, ಆಮೇಲೆ ಅದು ಬಿಎಚ್‌ಇಎಲ್ ಪಾಲಾಯಿತು. ಪಿಂಗಾಣಿ ಒಳ್ಳೆಯದೇ, ಆದರೆ ಸದಾ ಗದ್ದಲವಿರುವ ಹೋಟೆಲ್ ಟೇಬಲ್‌ಗೆ ದಪ್ಪ ಮೈಯ ಸ್ಟೋನ್‌ವೇರ್ ವಾಸಿ.

ತಕ್ಕಡಿ ಪರೀಕ್ಷೆ

ಅಸಲಿ ಯಾವುದು ಅಂತ ತಿಳಿಯಲು ಲ್ಯಾಬಿಗೆ ಹೋಗಬೇಕಿಲ್ಲ. ಪ್ರತಿ ಕಿರಾಣಿ ಅಂಗಡಿಯಲ್ಲೂ ಇರುವ ಎಲೆಕ್ಟ್ರಾನಿಕ್ ತಕ್ಕಡಿ ಸಾಕು.

ಹೊಸ ಬಟ್ಟಲನ್ನು ಒಂದು ದಿನ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ತೂಕ ಬರೆದಿಟ್ಟುಕೊಳ್ಳಿ. ಆಮೇಲೆ ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ 24 ಗಂಟೆ ಬಿಡಿ. ತೆಗೆದು ಬಟ್ಟೆಯಲ್ಲಿ ಒಳಗೆ ಹೊರಗೆ ಒರೆಸಿ ತಕ್ಷಣ ಮತ್ತೆ ತೂಗಿ. 400 ಗ್ರಾಂ ಇದ್ದ ಬಟ್ಟಲು 412 ಗ್ರಾಂ ಒಳಗೇ ಉಳಿದರೆ ಅದು ಹೀರಿದ್ದು ಶೇ 3ರೊಳಗೆ. ಒಳ್ಳೆ ಸ್ಟೋನ್‌ವೇರ್ ಸಾಮಾನ್ಯವಾಗಿ ಈ ಮಿತಿಯಲ್ಲಿರುತ್ತದೆ. 420 ದಾಟಿದರೆ ಅನುಮಾನ ಪಡಿ. 440 ಮುಟ್ಟಿದರೆ ಸ್ಟಿಕರ್ ಏನೇ ಹೇಳಲಿ, ಅದು ಸಾಮಾನ್ಯ ಮಣ್ಣಿನ ಪಾತ್ರೆ. ಹೋಲಿಕೆಗೆ ಹೇಳುವುದಾದರೆ, ಸಾಮಾನ್ಯ ಇಟ್ಟಿಗೆ 24 ಗಂಟೆಯಲ್ಲಿ ತನ್ನ ತೂಕದ ಶೇ 20ಕ್ಕಿಂತ ಹೆಚ್ಚು ನೀರು ಹೀರಬಾರದು ಎನ್ನುತ್ತದೆ ಐಎಸ್ 1077 ಮಾನದಂಡ. ಕಟ್ಟಡದ ಕೆಲಸದವರಿಗೆ ಈ ಲೆಕ್ಕ ಗೊತ್ತೇ ಇದೆ. ಅದನ್ನೇ ಕಾಫಿ ಟೇಬಲ್‌ಗೆ ತಂದರಾಯಿತು.

ಅಂಗಡಿಯವರು ಪೆಟ್ಟಿಗೆಗೆ ಒಂದು ಪೀಸ್ ಹೀಗೆ ನೋಡಿದರೆ ಸಾಕು, ಒಣಗಿಸಿ ಮತ್ತೆ ಮಾರಬಹುದು. ಸಪ್ಲೈ ಮಾಡಿದವರ ಹತ್ತಿರ ಜಗಳ ಆಡುವಾಗ ‘ಚೆನ್ನಾಗಿಲ್ಲ’ ಅನ್ನುವುದಕ್ಕಿಂತ ‘400 ಗ್ರಾಂ ಇದ್ದಿದ್ದು 440 ಆಯ್ತು ನೋಡಿ’ ಅನ್ನುವ ಮಾತಿಗೆ ಬೆಲೆ ಜಾಸ್ತಿ.

ಒಂದು ದಿನ ಕಾಯಲು ಆಗದ ಗಿರಾಕಿಗೆ ಬೇರೆ ದಾರಿ ಇದೆ. ಬಟ್ಟಲನ್ನು ತಲೆಕೆಳಗು ಮಾಡಿ. ತಳದ ಅಂಚಿನಲ್ಲಿ ಹೊಳಪು ಹಾಕದ ಬಳೆಯಂಥ ಭಾಗ ಇರುತ್ತದೆ. ಅಲ್ಲಿ ಒಂದು ಹನಿ ನೀರಿಟ್ಟು ನೋಡಿ. ಹನಿ ಹನಿಯಾಗೇ ನಿಂತರೆ ಒಳ್ಳೆಯದು, ಇಟ್ಟ ಕೂಡಲೇ ಮಾಯವಾದರೆ ಬೇಡ. ಬೆರಳ ಗೆಣ್ಣಿನಿಂದ ತಟ್ಟಿದರೆ ಸ್ಟೋನ್‌ವೇರ್ ಗಣ್ ಎನ್ನುತ್ತದೆ, ಅರೆಬೆಂದದ್ದು ದಪ್ ಎನ್ನುತ್ತದೆ. ಸದ್ದು ಒಡಕಾಗಿದ್ದರೆ ಎಲ್ಲೋ ಕಾಣದ ಬಿರುಕಿದೆ ಎಂದರ್ಥ. ಮೆಲಮೈನ್ ಆದರೆ ಕೈಗೆತ್ತಿದ ಕೂಡಲೇ ಗೊತ್ತಾಗುತ್ತದೆ, ಹಗುರ. ತಳದ ಕೆಂಪು ಬಣ್ಣ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ, ಕಂದು ಬಣ್ಣದ ಅಸಲಿ ಸ್ಟೋನ್‌ವೇರ್ ಕೂಡ ಉಂಟು.

ಹೊಳಪಿನಲ್ಲಿ ಸೀಸ ಇದೆಯಾ?

ಇದು ಆರೋಗ್ಯದ ವಿಚಾರ, ಹಗುರವಾಗಿ ತಗೊಳ್ಳೋದಲ್ಲ. ಕಡಿಮೆ ಶಾಖದಲ್ಲಿ ಹೊಳಪು ಬರಿಸಲು ಸೀಸ ಬಳಸುವುದು ಹಳೇ ಪದ್ಧತಿ. ಸರಿಯಾಗಿ ಬೇಯದ ಸೀಸದ ಹೊಳಪು ಹುಳಿ ತಾಗಿದರೆ ಆಹಾರಕ್ಕೆ ಇಳಿಯುತ್ತದೆ. ಸೀಸದಿಂದ ಮಕ್ಕಳಿಗೆ ಆಗುವ ಹಾನಿ ದೊಡ್ಡದು. ಸ್ಟೋನ್‌ವೇರ್‌ನ ಶಾಖಕ್ಕೆ ಸೀಸದ ಅಗತ್ಯವೇ ಇಲ್ಲ, ಅಷ್ಟು ಬಿಸಿಯಲ್ಲಿ ಅದು ಆವಿಯಾಗಲು ಶುರುವಾಗುತ್ತದೆ. ಅಸಲಿ ಸ್ಟೋನ್‌ವೇರ್ ಕೇಳಿ ತಗೊಳ್ಳಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಆದರೂ ಪೂರ್ತಿ ನಿಶ್ಚಿಂತೆ ಇಲ್ಲ. ಮೇಲೆ ಅಂಟಿಸುವ ಹೂವಿನ ಚಿತ್ರ, ಕೆಂಪು, ಹಳದಿ, ಕಿತ್ತಳೆ ಬಣ್ಣಗಳನ್ನು ಆಮೇಲೆ ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಸುಡುತ್ತಾರೆ. ಅವುಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವ ಸಾಧ್ಯತೆ ಇದೆ. ಹಾಗಾಗಿ ಚಿತ್ರ ಹೊರಗೆ ಎಷ್ಟಾದರೂ ಇರಲಿ, ಒಳಮೈ ಮತ್ತು ತುಟಿ ಸಾದಾ ಇರಲಿ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6486ರ ಪ್ರಕಾರ ಪಾತ್ರೆಗೆ ಶೇ 4ರ ಅಸಿಟಿಕ್ ಆಮ್ಲ ತುಂಬಿ 24 ಗಂಟೆ ಬಿಟ್ಟು, ಎಷ್ಟು ಸೀಸ ಇಳಿಯಿತು ಅಂತ ಅಳೆಯುತ್ತಾರೆ. ಮನೆಯಲ್ಲಿ ಇದನ್ನು ಅಳೆಯಲಾಗದು. ರಾತ್ರಿಯಿಡೀ ನಿಂಬೆಹೋಳು ಮಗುಚಿಟ್ಟು ಬೆಳಗ್ಗೆ ನೋಡಬಹುದು. ಆ ಜಾಗದ ಬಣ್ಣ ಮಂಕಾಗಿದ್ದರೆ ಅದರಲ್ಲಿ ಆಹಾರ ಇಡಬೇಡಿ. ಮಂಕಾಗದಿದ್ದರೆ ಸೀಸ ಇಲ್ಲ ಅಂತೇನೂ ಸಾಬೀತಾಗುವುದಿಲ್ಲ, ಹೊಳಪು ಗಟ್ಟಿ ಇದೆ ಅಂತ ಮಾತ್ರ.

ಈ ಸೆಟ್ ನಮ್ಮ ಕಾಫಿಗೆ ಹುಟ್ಟಿದ್ದಲ್ಲ

ಅಂಗಡಿಯಲ್ಲಿ ಯಾರೂ ಹೇಳದ ವಿಷಯ ಇದು. ಸಕ್ಕರೆ ಬಟ್ಟಲು, ಹಾಲಿನ ಗಿಂಡಿಯ ಜೋಡಿ ರೂಪುಗೊಂಡಿದ್ದು ಇಂಗ್ಲೆಂಡಿನಂಥ ದೇಶಗಳ ಟೀ ಟೇಬಲ್ ಮೇಲೆ. ಆಗ ಸಕ್ಕರೆ ಬರುತ್ತಿದ್ದುದು ನಮ್ಮ ಬೆಲ್ಲದ ಅಚ್ಚಿನಂತೆ ಗಟ್ಟಿ ಗೋಪುರವಾಗಿ, ಅದನ್ನು ಇಕ್ಕಳದಿಂದ ತುಂಡು ಮಾಡಿ ಬಟ್ಟಲಿಗೆ ಹಾಕುತ್ತಿದ್ದರು. ಹಳೇ ಸಕ್ಕರೆ ಬಟ್ಟಲುಗಳು ದೊಡ್ಡದಾಗಿರುವುದು ಅದಕ್ಕೇ. ಗುಲಾಮಗಿರಿ ವಿರೋಧಿ ಚಳವಳಿ ಜೋರಾಗಿದ್ದ 1820ರ ದಶಕದಲ್ಲಿ ಅಲ್ಲಿನ ಕೆಲವು ಮನೆಗಳ ಸಕ್ಕರೆ ಬಟ್ಟಲಿನ ಮೇಲೆ, ಇದು ಗುಲಾಮರಿಂದ ಮಾಡಿಸಿದ್ದಲ್ಲ, ಈಸ್ಟ್ ಇಂಡಿಯಾದ ಸಕ್ಕರೆ ಎಂದು ಬರೆಸಿರುತ್ತಿದ್ದರು. ಬಟ್ಟಲೇ ಭಿತ್ತಿಪತ್ರ. ನಮ್ಮ ಜಿಲ್ಲೆಗೆ ಈ ಟ್ರೇ ಸಂಸ್ಕೃತಿ ಬಂದ ದಾರಿ ಹುಡುಕಿದರೆ ಕೆಜಿಎಫ್‌ನ ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳು ಮೊದಲು ನೆನಪಾಗುತ್ತವೆ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯವರು ಅಲ್ಲಿ ಗಣಿ ನಡೆಸಿದರು.

ಆ ಟೀಗೆ ಹಾಲು ಬೇಕಾಗುವುದು ಕಪ್ಪಿಗೆ ಎರಡು ಮೂರು ಚಮಚ. ಹೆಚ್ಚೆಂದರೆ 30 ಎಂಎಲ್. ಅಂಗಡಿಯಲ್ಲಿ ಸಿಗುವ ಗಿಂಡಿಗೆ ಚೆಲ್ಲದಂತೆ ಬಗ್ಗಿಸಲು 200 ಎಂಎಲ್ ಹಾಲು ಹಾಕಬಹುದು ಅಂತಿಟ್ಟುಕೊಳ್ಳಿ. ಆರು ಟೀ ಆರಾಮಾಗಿ ಆಗುತ್ತದೆ. ನಮ್ಮ ಫಿಲ್ಟರ್ ಕಾಫಿ ಲೆಕ್ಕ ಉಲ್ಟಾ. 120 ಎಂಎಲ್ ಕಾಫಿಯಲ್ಲಿ ಡಿಕಾಕ್ಷನ್ 30-40, ಮಿಕ್ಕಿದ್ದೆಲ್ಲ ಹಾಲು. ಅದೇ ಗಿಂಡಿ ಎರಡು ಲೋಟಕ್ಕೆ ಖಾಲಿ. ನಾಲ್ಕು ಜನ ಕೂರುವ ಟೇಬಲ್‌ಗೆ ಇಡಬೇಕಾದರೆ ಸೆಟ್‌ನ ಗಿಂಡಿ ಬಿಟ್ಟು ಅರ್ಧ ಲೀಟರ್ ಹಿಡಿಸುವ ಜಗ್ ಬೇರೆ ಕೊಳ್ಳುವುದೇ ಲೇಸು. ಮನೆಯಲ್ಲಿ ಇಬ್ಬರಿಗೆ, ಅಥವಾ ಟೀ ಕುಡಿಯುವವರಿಗೆ ಸೆಟ್ ಸರಿಹೋಗುತ್ತದೆ.

ಇನ್ನೊಂದು ತಕರಾರು ಶಾಖದ್ದು. ಅವರು ಹಾಕುವುದು ತಣ್ಣನೆ ಹಾಲು, ನಮ್ಮದು ಕುದಿ ಹಾಲು. ದಪ್ಪ ಮೈಯ ತಣ್ಣನೆ ಗಿಂಡಿಗೆ 85 ಡಿಗ್ರಿಯ ಹಾಲು ಸುರಿದರೆ ಗಿಂಡಿಯೇ ಶಾಖ ಕುಡಿದು ಹಾಲು 15 ಡಿಗ್ರಿಗೂ ಹೆಚ್ಚು ಇಳಿಯುತ್ತದೆ. ‘ಕಾಫಿ ಆರಿಹೋಗಿದೆ ಸಾರ್’ ಅನ್ನುವ ದೂರಿಗೆ ಇದೇ ಮೂಲ. ಮೊದಲು ಬಿಸಿನೀರು ಹಾಕಿ ಒಂದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಹಾಲು ಹಾಕಿದರೆ ತೊಂದರೆ ಇಲ್ಲ. ಫ್ರಿಜ್‌ನಿಂದ ತೆಗೆದ ಗಿಂಡಿಗೆ ನೇರವಾಗಿ ಕುದಿ ಹಾಲು ಸುರಿದರೆ ಸೀಳುವ ಸಂಭವವಿದೆ. ಗ್ಯಾಸ್ ಒಲೆ ಮೇಲಂತೂ ಇಡಲೇಬೇಡಿ, ಸ್ಟೋನ್‌ವೇರ್ ಕಲ್ಲಿನಂತೆ ಗಟ್ಟಿ ಹೌದು, ನೇರ ಉರಿ ತಡೆಯುವುದಿಲ್ಲ.

ಇರುವೆ, ಮೂತಿ, ಗೆರೆ

ಸಕ್ಕರೆ ಇಟ್ಟ ಮೇಲೆ ಇರುವೆ ಬಾರದಿರುತ್ತಾ? ಕೆಲವು ಬಟ್ಟಲಿನ ಮುಚ್ಚಳದಲ್ಲಿ ಚಮಚ ಹೊರಗಿರಲಿ ಅಂತ ಸಣ್ಣ ಕಚ್ಚು ಕೊಟ್ಟಿರುತ್ತಾರೆ. ನೋಡಲು ಚೆಂದ, ಆದರೆ ಅದು ಇರುವೆಗೆ ತೆಗೆದಿಟ್ಟ ಬಾಗಿಲು. ಕಚ್ಚಿಲ್ಲದ ಮುಚ್ಚಳವೇ ಒಳ್ಳೆಯದು. ತಟ್ಟೆಯಲ್ಲಿ ನೀರು ಹಾಕಿ ನಡುವೆ ಪಾತ್ರೆ ಇಡುವ ಅಜ್ಜಿಯರ ಉಪಾಯ ಸ್ಟೋನ್‌ವೇರ್‌ಗೆ ನಡೆಯುತ್ತದೆ, ತಳ ನೀರು ಹೀರುವುದಿಲ್ಲ. ಅರೆಬೆಂದ ಪಾತ್ರೆಯಾದರೆ ತಳದಿಂದ ತೇವ ಏರಿ ಸಕ್ಕರೆ ಗಂಟಾಗುತ್ತದೆ.

ಗಿಂಡಿ ಕೊಳ್ಳುವಾಗ ಅಂಗಡಿಯಲ್ಲೇ ನೀರು ಹಾಕಿ ಬಗ್ಗಿಸಿ ನೋಡಿ. ಮೂತಿಯ ಅಂಚು ಚೂಪಾಗಿದ್ದರೆ ಧಾರೆ ಕಡಿದಂತೆ ನಿಲ್ಲುತ್ತದೆ. ದಪ್ಪಗೆ, ಗುಂಡಗೆ ಇದ್ದರೆ ಕೊನೇ ಹನಿ ಹೊಟ್ಟೆ ಮೇಲೆ ಇಳಿದು ಟೇಬಲ್ ಅಂಟಂಟು. ಅಂಗಡಿಯವರು ಒಂದು ಚೊಂಬು ನೀರು ಕೌಂಟರ್ ಪಕ್ಕ ಇಟ್ಟುಕೊಂಡರೆ ಮಾತು ಕಮ್ಮಿ, ವ್ಯಾಪಾರ ಬೇಗ.

ಬಳಸುತ್ತಾ ಹೋದಂತೆ ಒಳಗೆ ಬೂದು ಗೆರೆ ಕಾಣಿಸಿದರೆ ಗಾಬರಿ ಬೇಡ, ಅದು ಸ್ಟೀಲ್ ಚಮಚ ಉಜ್ಜಿದ ಗುರುತು. ಸೋಡಾಪುಡಿ ಹಾಕಿ ಉಜ್ಜಿದರೆ ಹೋಗುತ್ತದೆ. ಹೋಗದ ಗೆರೆ ಬೇರೆ. ಅನುಮಾನ ಬಂದರೆ ಡಿಕಾಕ್ಷನ್ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಜೇಡರ ಬಲೆಯಂತೆ ಕಂದು ಎಳೆಗಳು ಉಳಿದರೆ ಹೊಳಪು ಬಿರುಕು ಬಿಟ್ಟಿದೆ. ಆ ಗಿಂಡಿಯಲ್ಲಿ ಇನ್ನು ಹಾಲು ಬೇಡ. ಹೋಟೆಲ್‌ನವರು ಇನ್ನೂ ಒಂದು ಗಮನಿಸಬೇಕು. ಒಂದು ಟೇಬಲ್‌ನಲ್ಲಿ ಉಳಿದ ಹಾಲನ್ನು ಮುಂದಿನ ಗಿರಾಕಿಯ ಗಿಂಡಿಗೆ ಸುರಿಯುವುದು, ಖಾಲಿಯಾಗದ ಗಿಂಡಿಗೆ ಮೇಲಿಂದ ಮೇಲೆ ತುಂಬುವುದು, ಎರಡೂ ಹಾಲು ಒಡೆಯಲು ರಾಜಮಾರ್ಗ. ಉಗುರುಬೆಚ್ಚಗಿನ ಹಾಲಿನಲ್ಲೇ ರೋಗಾಣು ವೇಗವಾಗಿ ಬೆಳೆಯುವುದು. ಕಮ್ಮಿ ಹಾಕಿ, ಕೇಳಿದರೆ ಇನ್ನೊಂದು ಗಿಂಡಿ ತನ್ನಿ.

ಸೆಟ್‌ನಲ್ಲಿ ಮೊದಲು ಒಡೆಯುವುದು ಮುಚ್ಚಳ. ಗೂಡಿನಲ್ಲಿ ಮುಚ್ಚಳ ಬಟ್ಟಲಿಗೆ ಅಂಟಬಾರದು ಅಂತ ಎರಡೂ ಕೂಡುವ ಅಂಚಿಗೆ ಹೊಳಪು ಹಾಕಿರುವುದಿಲ್ಲ, ಅಲ್ಲೇ ಚಕ್ಕೆ ಏಳುತ್ತದೆ. ಸಗಟು ತರಿಸುವವರು ಡಜನ್‌ಗೆ ಒಂದೆರಡು ಬಿಡಿ ಮುಚ್ಚಳವನ್ನೂ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು. ಕೊಡಲ್ಲ ಅಂದರೆ, ಉಪ್ಪಿನಕಾಯಿ ಜಾಡಿಗೆ ಮುಚ್ಚಳ ಒಡೆದಾಗ ಮಾಡುವುದೇ ಗತಿ: ಬಿಳಿ ಬಟ್ಟೆ, ಒಂದು ದಾರ.